ತಂಗಡಿ ಗಿಡ: ಅದರ ಉಪಯೋಗವೂ ಬೆಳೆಸುವ ಕ್ರಮವೂ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಅಜ್ಜಂಪುರವನ್ನು ದಾಟಿದ ಮೇಲೆ ಶಿವನಿಯ ನಿಲ್ದಾಣವು ಸಿಕ್ಕುತ್ತದೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಈ ಸೀಮೆಯು ಮಲೆನಾಡಿನ ಅಂಚಿಗೆ ಹತ್ತಿರವಾಗಿದ್ದರೂ ಗುಣದಲ್ಲಿ ಬಯಲುಸೀಮೆಯೇ ಆಗಿರುತ್ತದೆ. ತಗ್ಗಿನಲ್ಲಿ ಎರೆಭೂಮಿ, ಏರಿನಲ್ಲಿ ಕಲ್ಲು ಬೆರೆತ ಕೆಮ್ಮಣ್ಣು. ಇಂಥ ಏರುನೆಲದ ದಿಣ್ಣೆಗಳಲ್ಲಿಯೂ, ಬೆದ್ದಲು ಹೊಲಗಳ ಬದುಗಳಲ್ಲಿಯೂ, ಗೋಮಾಳಗಳಲ್ಲಿಯೂ, ರಸ್ತೆಯ ಮಗ್ಗುಲಲ್ಲಿಯೂ ಮಳೆಗಾಲ ಕಳೆಯುತ್ತಲೇ ಹಳದಿಯ ಹೂಗೊಂಚಲುಗಳನ್ನು ಹೊತ್ತು ನಿಲ್ಲುವ ಪೊದೆಯೇ ತಂಗಡಿ. ಇದನ್ನು ಅರಿಯದ ರೈತನು ಈ ಪ್ರಾಂತದಲ್ಲಿಲ್ಲ. ಆದಾಗ್ಯೂ ಇದನ್ನು ತನ್ನ ಸ್ವತ್ತೆಂದು ಎಣಿಸುವವನೂ ಅಪೂರ್ವ. ಬಿತ್ತದೆ ಬಂದದ್ದು, ದನ ಮುಟ್ಟದ್ದು, ಸಂತೆಯಲ್ಲಿ ಬೆಲೆ ಕೇಳದ್ದು ಎಂಬ ಮೂರು ಕಾರಣಗಳಿಂದ ಅದು ಕಳೆಯ ಪಂಕ್ತಿಗೆ ಸೇರಿಹೋಗಿದೆ.

ಮಣ್ಣು ತೆಗೆಯುವ ಯಂತ್ರಗಳು ಬಾಡಿಗೆಗೆ ದೊರೆಯುತ್ತಿರುವ ಈ ದಿವಸಗಳಲ್ಲಿ ಬದುವನ್ನು ಬುಡಸಹಿತ ಕೆರೆದು ಚೊಕ್ಕಟಮಾಡುವುದು ಅರ್ಧ ದಿವಸದ ಕೆಲಸ. ಹಾಗೆ ಮಾಡಿದಾಗ ಮೊದಲು ಹೋಗುವುದು ತಂಗಡಿ. ಅದರ ಮುಂದಿನ ಮುಂಗಾರಿನಲ್ಲಿ ಹೋಗುವುದು ಬದು. ಬದುವಿನ ಹಿಂದೆಯೇ ಹೊಲದ ಮೇಲ್ಮಣ್ಣು. ಕೊಯ್ದ ತಂಗಡಿಯು ಮರಳಿ ಚಿಗುರುತ್ತದೆ, ಕಿತ್ತ ತಂಗಡಿಯು ಮರಳಿ ಬರುವುದಿಲ್ಲ ಎಂಬ ಒಂದು ವಿಷಯವನ್ನು ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಮನಸ್ಸಿಗೆ ತಂದುಕೊಂಡರೆ ಈ ಗಿಡದ ಇತರ ಪ್ರಯೋಜನಗಳೆಲ್ಲವೂ ತಾವಾಗಿಯೇ ದೊರೆಯತಕ್ಕವುಗಳಾಗಿವೆ.

ಗಿಡದ ಲಕ್ಷಣ.— ಕನ್ನಡದಲ್ಲಿ ಇದಕ್ಕೆ ತಂಗಡಿ, ತಂಗಟೆ, ಆವರಿಕೆ ಎಂಬ ಹೆಸರುಗಳುಂಟು. ತೆಲುಗಿನವರು ತಂಗೇಡು ಎಂದೂ, ತಮಿಳರು ಆವಾರಂ ಎಂದೂ, ಸಿಂಹಳದವರು ರಣವರಾ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸ್ಸನು 1753ರಲ್ಲಿ ಇದಕ್ಕೆ ಕ್ಯಾಸಿಯಾ ಆರಿಕ್ಯುಲೇಟ ಎಂದು ನಾಮಕರಣ ಮಾಡಿದನು. ಈಗ ಶಾಸ್ತ್ರಗ್ರಂಥಗಳಲ್ಲಿ ಸೆನ್ನಾ ಆರಿಕ್ಯುಲೇಟ ಎಂಬ ಹೆಸರು ರೂಢಿಯಲ್ಲಿದೆ. ಆರಿಕ್ಯುಲೇಟ ಎಂದರೆ ಕಿವಿಯುಳ್ಳದ್ದು. ಎಲೆಯ ದೇಟು ಕಡ್ಡಿಗೆ ಸೇರುವ ಕಡೆಯಲ್ಲಿ ಕಿವಿಯ ಹಾಲೆಯನ್ನು ಹೋಲುವ ಎರಡು ದುಂಡನೆಯ ಪುಟ್ಟ ಎಲೆಗಳು ಇರುವುದರಿಂದ ಈ ಹೆಸರು ಬಂದಿತು. ಗಿಡವನ್ನು ಗುರುತಿಸಲು ಇದಕ್ಕಿಂತ ನಂಬಿಕೆಯ ಗುರುತು ಮತ್ತೊಂದಿಲ್ಲ.

ಸಾಧಾರಣವಾಗಿ ಆಳುದ್ದ ಬೆಳೆದು ಬುಡದಿಂದಲೇ ಹಲವು ಕವಲುಗಳಾಗಿ ಒಡೆಯುವುದು ಇದರ ಸ್ವಭಾವ. ಒಂದೊಂದು ದೇಟಿನಲ್ಲಿಯೂ 8ರಿಂದ 12 ಜೊತೆ ಸಣ್ಣೆಲೆಗಳಿದ್ದು, ಪ್ರತಿಯೊಂದು ಜೊತೆಯ ನಡುವೆಯೂ ಒಂದು ಸಣ್ಣ ಗಂಟು ಕಾಣುತ್ತದೆ. ಹೂವು ಸುಮಾರು ಎರಡು ಅಂಗುಲ ಅಗಲ, ಐದು ದಳ, ಅಚ್ಚ ಹಳದಿ. ಕಾಯಿಯು ಕಾಗದದಂತೆ ತೆಳ್ಳಗೆ ಚಪ್ಪಟೆಯಾಗಿದ್ದು ಒಳಗಿನ ಬೀಜಗಳ ಗುರುತು ಹೊರಗಿನಿಂದಲೇ ಎದ್ದು ತೋರುತ್ತದೆ. ಭರತಖಂಡದ ಒಣ ಸೀಮೆಗಳು, ಸಿಂಹಳ, ಬರ್ಮಾ ಇವು ಇದರ ತವರು.

ಈ ಹೂವಿನಲ್ಲಿ ಜೇನಿಲ್ಲ, ಪರಾಗವು ಮಾತ್ರ ಉಂಟು. ಅದೂ ತುದಿಯಲ್ಲಿ ಸಣ್ಣ ರಂಧ್ರವಿರುವ ಚೀಲಗಳಲ್ಲಿ ಅಡಗಿರುತ್ತದೆ. ಮರ ಕೊರೆಯುವ ಕರಿಯ ದುಂಬಿಗಳು ಹೂವನ್ನು ಅಪ್ಪಿಕೊಂಡು ಮೈಯನ್ನು ಝೇಂಕಾರದಿಂದ ನಡುಗಿಸಿ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಬದನೆ ಮತ್ತು ಟೊಮ್ಯಾಟೊ ಹೂವುಗಳ ರಚನೆಯೂ ಇಂಥದೇ ಆದಕಾರಣ ಅವುಗಳಿಗೂ ಇದೇ ಬಗೆಯ ದುಂಬಿಗಳಿಂದ ಕಾಯಿ ಕಚ್ಚಲು ಸಹಾಯವಾಗುತ್ತದೆ. ತರಕಾರಿ ಬೆಳೆಯುವ ಹೊಲದ ಬದುವಿನಲ್ಲಿ ನಾಲ್ಕು ತಂಗಡಿ ಪೊದೆಗಳಿದ್ದರೆ ಅವು ಈ ದುಂಬಿಗಳಿಗೆ ಬಿಡಾರವಾಗುವುದೆಂಬುದನ್ನು ತೋಟಗಾರರು ನೆನಪಿನಲ್ಲಿಡಬೇಕು.

ಹಿಂದಿನ ಉಪಯೋಗ.— ತಂಗಡಿಯ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವು ನೂರಕ್ಕೆ ಸುಮಾರು 18 ಭಾಗದಷ್ಟಿರುತ್ತದೆ. ಹಸಿಯ ಚರ್ಮವು ಕೊಳೆಯದೆ ಬಾಳಿಕೆ ಬರುವಂತೆ ಮಾಡುವುದು ಈ ಪದಾರ್ಥವೇ. ಅದು ಚರ್ಮದ ನಾರಿನೊಡನೆ ಬಿಗಿಯಾಗಿ ಕೂಡಿಕೊಳ್ಳುವುದರಿಂದ ಆಮೇಲೆ ನೀರೂ ಹುಳುವೂ ಅದನ್ನು ಬೇಗ ಕೆಡಿಸಲಾರವು. ಸುಣ್ಣದ ತೊಟ್ಟಿಯಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಮೊದಲು ಹಳೆಯ ಸಪ್ಪೆ ಕಷಾಯದಲ್ಲಿಯೂ ಆಮೇಲೆ ಹೊಸ ತಂಗಡಿ ಚಕ್ಕೆಯ ಗಟ್ಟಿ ಕಷಾಯದಲ್ಲಿಯೂ ವಾರಗಟ್ಟಲೆ ಇಟ್ಟು ಹದಮಾಡುತ್ತಿದ್ದರು. ತಂಗಡಿಯಿಂದ ಹದವಾದ ಚರ್ಮವು ಬಿಸಿಲಿಗೆ ಕೆಂಪಗಾಗುವ ದೋಷವುಳ್ಳದ್ದಾದ್ದರಿಂದ ಕಡೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದಿ ತೆಗೆಯುವುದು ವಾಡಿಕೆಯಾಗಿತ್ತು. ಕಪಿಲೆಯ ಬಾನಿಗೂ, ಎಕ್ಕಡಕ್ಕೂ, ನೊಗದ ಮಿಣಿಗೂ ಬೇಕಾದ ತೊಗಲು ಹೀಗೆ ಹಳ್ಳಿಹಳ್ಳಿಗಳಲ್ಲಿಯೇ ಸಿದ್ಧವಾಗುತ್ತಿತ್ತು. ಹಳ್ಳಿಯ ಬೇಸಾಯಕ್ಕೆ ಆಧಾರವಾಗಿದ್ದ ಈ ಕಸುಬನ್ನು ಮಾಡಿದವರಿಗೆ ಹಳ್ಳಿಯು ಕೊಟ್ಟ ಸ್ಥಾನವು ಅವರ ಕೆಲಸಕ್ಕೆ ತಕ್ಕದ್ದಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಬಿಡಲಾಗದು.

ಮದರಾಸು ಪ್ರಾಂತದ ಹದದ ಕಾರ್ಖಾನೆಗಳು ಇದೇ ತೊಗಟೆಯನ್ನು ಉಪಯೋಗಿಸಿ ಅರೆಹದದ ಚರ್ಮವನ್ನು ಇಂಗ್ಲೆಂಡಿಗೆ ಕಳುಹಿಸುತ್ತಿದ್ದವು. 1914ರಿಂದ 1918ರವರೆಗೆ ನಡೆದ ಮಹಾಯುದ್ಧದ ಕಾಲದಲ್ಲಿ ಸೈನಿಕರ ಬೂಟುಗಳಿಗಾಗಿ ಈ ಚರ್ಮಕ್ಕೆ ವಿಶೇಷ ಗಿರಾಕಿಯುಂಟಾಯಿತು. ಆದರೆ ಆ ವೇಳೆಗಾಗಲೇ ಎರಡು ಪ್ರತಿಸ್ಪರ್ಧಿಗಳು ತಲೆಯೆತ್ತಿದ್ದವು. ಮೊದಲನೆಯದು ದಕ್ಷಿಣ ಆಫ್ರಿಕದಲ್ಲಿ ತೋಟಗಳಾಗಿ ಬೆಳೆದ ವ್ಯಾಟಲ್ ಎಂಬ ಜಾಲಿ ಜಾತಿಯ ಮರದ ತೊಗಟೆ. ಅದರಲ್ಲಿ ಟ್ಯಾನಿನ್ ನೂರಕ್ಕೆ 30ರಿಂದ 40 ಭಾಗದವರೆಗೆ ಇರುತ್ತದೆ. ಎರಡನೆಯದು ಕ್ರೋಮಿಯಂ ಲವಣದಿಂದ ಹದಮಾಡುವ ಕ್ರಮ. ಇದನ್ನು ಮದರಾಸಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಳಕೆಗೆ ತಂದ ಆಲ್ಫ್ರೆಡ್ ಚಾಟರ್ಟನ್ನರು 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ಮುಖ್ಯಾಧಿಕಾರಿಗಳಾಗಿ ಬಂದರು. ತೋಟದಿಂದ ಒಂದೇ ಹದವಾಗಿ ಬರುವ ತೊಗಟೆಯ ಮುಂದೆ, ಕಾಡುಮೇಡುಗಳಲ್ಲಿ ಆಯ್ದು ಮಣ್ಣು ಕಡ್ಡಿ ಬೆರೆತು ಬರುತ್ತಿದ್ದ ತಂಗಡಿ ಚಕ್ಕೆಯು ನಿಲ್ಲಲಾರದೆ ಹೋಯಿತು. ಗಿಡದ ಗುಣವು ಕಡಮೆಯಾಗಿದ್ದುದು ಈ ಸೋಲಿಗೆ ಒಂದು ಕಾರಣ. ಅದನ್ನು ಯಾರೂ ಬೆಳೆಯಾಗಿ ಬೆಳೆಸದಿದ್ದುದು ಮತ್ತೊಂದು, ಬಹುಶಃ ಹೆಚ್ಚಿನ ಕಾರಣ.

ತಂಗಡಿಗೆ ಇನ್ನೊಂದು ವಿಚಿತ್ರವಾದ ಚರಿತ್ರೆಯೂ ಉಂಟು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತುಮಕೂರು ಕಡೆಯ ಚನ್ನರಾಯನದುರ್ಗದ ಬಳಿ ಉಕ್ಕು ಮಾಡುವುದನ್ನು ನೋಡಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ಮೂರು ರೂಪಾಯಿ ತೂಕದ ತಂಗಡಿ ಕಡ್ಡಿಯನ್ನೂ ಎರಡು ಹಸಿರೆಲೆಗಳನ್ನೂ ಇಟ್ಟು, ಬಾಯಿಯನ್ನು ಮೆತ್ತಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಕಡ್ಡಿಯು ಒಳಗೇ ಇದ್ದಲಾಗಿ ಅದರ ಅಂಗಾರವು ಕಬ್ಬಿಣದಲ್ಲಿ ಸೇರಿ ಉಕ್ಕಾಗುತ್ತಿತ್ತು. ಬೇರಾವ ಕಡ್ಡಿಯಿಂದಲೂ ಇದು ಆಗಬಹುದಾಗಿದ್ದರೂ ಕುಲುಮೆಯವರು ತಂಗಡಿಯನ್ನೇ ಆರಿಸಿಕೊಂಡದ್ದಕ್ಕೆ ಅದು ಎಲ್ಲೆಲ್ಲಿಯೂ ಒಂದೇ ದಪ್ಪದಲ್ಲಿ, ಖರ್ಚಿಲ್ಲದೆ ದೊರೆಯುತ್ತಿದ್ದುದೂ ಒಂದು ಕಾರಣವಾಗಿದ್ದೀತು.

ಈಗಿನ ಉಪಯೋಗ.— ಚರ್ಮದ ವ್ಯಾಪಾರವು ಕುಗ್ಗಿದ ಮಾತ್ರಕ್ಕೆ ಗಿಡವು ನಿರುಪಯೋಗಿಯಾಗಲಿಲ್ಲ. ಶಿವನಿಯಂಥ ಸೀಮೆಯಲ್ಲಿ ಅದರ ಮುಖ್ಯವಾದ ಕೆಲಸವು ಮಣ್ಣನ್ನು ಹಿಡಿಯುವುದು. ಇಳಿಜಾರಿನಲ್ಲಿ ಹರಿಯುವ ನೀರಿಗೆ ಮಣ್ಣನ್ನು ಹೊರುವ ಬಲವು ಬರುವುದು ಅದರ ವೇಗದಿಂದ. ಅಡ್ಡಲಾಗಿ ಒತ್ತಾಗಿ ನಿಂತ ಕಡ್ಡಿಗಳು ನೀರನ್ನು ತಡೆಯುವುದಿಲ್ಲ, ಸಾವಕಾಶ ಮಾಡುತ್ತವೆ. ಸಾವಕಾಶವಾದ ನೀರು ಹೊತ್ತ ಮಣ್ಣನ್ನು ಅಲ್ಲಿಯೇ ಇಳಿಸಿ ತಾನು ಮುಂದಕ್ಕೆ ಹೋಗುತ್ತದೆ. ಒಂದೆರಡು ಮಳೆಗಾಲ ಕಳೆದ ತಂಗಡಿಯ ಸಾಲಿನ ಮೇಲುಬದಿಯಲ್ಲಿ ಗುದ್ದಲಿಯಿಂದ ಒಂದು ಗೇಣು ಅಗೆದರೆ ನಯವಾದ ಮೆಕ್ಕಲು ಕೂತಿರುವುದು ಕಾಣಬಹುದು. ಅದೇ ಮೆಕ್ಕಲು, ಸಾಲು ಇಲ್ಲದ ಪಕ್ಷದಲ್ಲಿ, ಕೆರೆಯ ಅಂಗಳವನ್ನು ಸೇರಿ ಹೂಳಾಗುತ್ತದೆ. ಕೆರೆಯ ಹೂಳೆತ್ತಿಸಲು ಹಣ ಕೇಳುವ ಗ್ರಾಮವು ಮೇಲಿನ ದಿಣ್ಣೆಯಲ್ಲಿ ತಂಗಡಿಯನ್ನು ಕೀಳಿಸುತ್ತಿದ್ದರೆ ಎರಡು ಕೈಗಳಿಂದಲೂ ನಷ್ಟವನ್ನು ತಂದುಕೊಂಡಂತೆ.

ಎರಡನೆಯದು ಸೊಪ್ಪಿನ ಗೊಬ್ಬರ. ಎಳೆಯ ಕಡ್ಡಿಸಹಿತವಾದ ಸೊಪ್ಪನ್ನು ಗದ್ದೆಯ ಕೆಸರಿನಲ್ಲಿ ನಾಟಿಗೆ ಹತ್ತು ಹದಿನೈದು ದಿವಸ ಮುಂಚಿತವಾಗಿ ತುಳಿಸುವುದೂ, ತೆಂಗು ಅಡಕೆಗಳ ಬುಡಕ್ಕೆ ಹಾಸಿ ಮಣ್ಣು ಎಳೆಯುವುದೂ ಬಹುಕಾಲದಿಂದ ನಡೆದುಬಂದ ಪದ್ಧತಿ. ಇಲ್ಲಿ ಒಂದು ತಪ್ಪು ಭಾವನೆಯನ್ನು ತಿದ್ದಬೇಕಾಗಿದೆ. ದ್ವಿದಳ ಧಾನ್ಯದ ವರ್ಗಕ್ಕೆ ಸೇರಿದ್ದರಿಂದ ತಂಗಡಿಯು ಅಪ್ಸೆಣಬಿನಂತೆ ಗಾಳಿಯಿಂದ ಸಾರಜನಕವನ್ನು ಹಿಡಿದು ನೆಲಕ್ಕೆ ಕೂಡಿಸುವುದೆಂದು ಅನೇಕರು ನಂಬಿದ್ದಾರೆ. ಅದು ನಿಜವಲ್ಲ. ಅಪ್ಸೆಣಬಿನ ಗಿಡವನ್ನು ಮೆಲ್ಲಗೆ ಅಗೆದು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುವುವು. ಹಿಸುಕಿದರೆ ಒಳಗೆ ನಸುಗೆಂಪು. ತಂಗಡಿಯ ಬೇರಿನಲ್ಲಿ ಅಂಥ ಗಂಟುಗಳಿರುವುದಿಲ್ಲ. ಅದು ಕೊಡುವ ಗೊಬ್ಬರವೆಲ್ಲವೂ ತಾನು ನಿಂತ ನೆಲದಿಂದ ಎತ್ತಿದ್ದೇ ಆಗಿರುತ್ತದೆ. ಬೆಳೆಗಳ ಬೇರಿಗೆ ನಿಲುಕದ ಆಳದ ಸಾರವನ್ನು ಮೇಲಕ್ಕೆ ತರುವುದರಿಂದ ಲಾಭವುಂಟೆಂಬುದು ದಿಟ; ಆದರೆ ಒಂದೇ ಪೊದೆಯನ್ನು ವರುಷಕ್ಕೆ ಎರಡು ಮೂರು ಸಲ ಬೋಳಿಸಿದರೆ ಬದುವಿನ ನೆಲವೂ ಪೊದೆಯೂ ಕ್ಷೀಣಿಸುತ್ತವೆ. ಸಾಧ್ಯವಾದ ಕಡೆಯಲ್ಲಿ ಅಪ್ಸೆಣಬು ಇಲ್ಲವೆ ಡಯಂಚವನ್ನು ಗದ್ದೆಯಲ್ಲಿಯೇ ಬಿತ್ತಿ ತಂಗಡಿಯ ಸೊಪ್ಪನ್ನು ಅದಕ್ಕೆ ಕೂಡಿಸಿಕೊಳ್ಳುವುದು ಉತ್ತಮ.

ಒಣಗಿದ ಕಡ್ಡಿಯು ಸೌದೆಯಾಗುವುದು, ಎಳೆಯ ಕಡ್ಡಿಯು ಹಲ್ಲುಜ್ಜಲು ಒದಗುವುದು ಮುಂತಾದ ಚಿಲ್ಲರೆ ಪ್ರಯೋಜನಗಳು ಎಲ್ಲರಿಗೂ ವಿದಿತವೇ ಆಗಿವೆ. ಹೂವಿಗೆ ಮರ್ಯಾದೆಯು ನೆರೆಯ ಸೀಮೆಗಳಲ್ಲಿ ಹೆಚ್ಚು. ತೆಲಂಗಾಣದಲ್ಲಿ ಬತುಕಮ್ಮ ಹಬ್ಬದ ಹೂರಾಶಿಯಲ್ಲಿ ತಂಗೇಡು ಇಲ್ಲದೆ ನಡೆಯುವುದಿಲ್ಲ. 2014ರಲ್ಲಿ ರಚಿತವಾದ ಆ ರಾಜ್ಯವು ಇದನ್ನೇ ತನ್ನ ರಾಜ್ಯಪುಷ್ಪವೆಂದು ಸಾರಿತು. ತಮಿಳುನಾಡಿನ ಕೊಂಗು ಸೀಮೆಯಲ್ಲಿ ಪೊಂಗಲ್ ಹಬ್ಬದ ಮುನ್ನಾದಿನ ಬೇವಿನ ಸೊಪ್ಪಿನೊಡನೆ ಈ ಹೂವನ್ನು ಮನೆಯ ಸೂರಿಗೂ ಹೊಲಕ್ಕೂ ಕಟ್ಟುತ್ತಾರೆ.

ಔಷಧದ ವಿಚಾರದಲ್ಲಿ ಸ್ವಲ್ಪ ಎಚ್ಚರಿಕೆಯಿಂದ ಮಾತನಾಡಬೇಕಾಗಿದೆ. ಸಿದ್ಧವೈದ್ಯದಲ್ಲಿಯೂ ನಾಟಿವೈದ್ಯದಲ್ಲಿಯೂ ಈ ಗಿಡದ ಹೂವು, ಬೀಜ, ತೊಗಟೆಗಳ ಕಷಾಯವನ್ನು ಸಿಹಿಮೂತ್ರ ರೋಗಕ್ಕೆ ಕೊಡುತ್ತಾರೆ. ಸಿಂಹಳದಲ್ಲಿ ಒಣಗಿದ ಹೂವನ್ನು ಚಹದಂತೆ ಕುಡಿಯುವುದುಂಟು. ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಹೂವಿನ ಸತ್ತ್ವವು ರಕ್ತದ ಸಕ್ಕರೆಯನ್ನು ತಗ್ಗಿಸಿದೆ. ಅದೇ ವೇಳೆಗೆ ಯಕೃತ್ತಿಗೆ ಕೆಡುಕು ಮಾಡುವ ಕೆಲವು ಕ್ಷಾರಗಳು ಈ ಗಿಡದಲ್ಲಿರುವುದೂ ಸಿಂಹಳದ ಪರೀಕ್ಷಕರಿಗೆ ಕಂಡುಬಂದಿದೆ. ಆದಕಾರಣ ವೈದ್ಯರ ಔಷಧವನ್ನು ನಿಲ್ಲಿಸಿ ಕಷಾಯವನ್ನೇ ನಂಬುವುದಾಗಲಿ, ತಿಂಗಳಾನುಗಟ್ಟಲೆ ನಿತ್ಯವೂ ಕುಡಿಯುವುದಾಗಲಿ ತರವಲ್ಲ. ಒಣಹೂವನ್ನು ಮಾರುವವರು ಇದ್ದಾರೆ, ಕೊಳ್ಳುವವರೂ ಇದ್ದಾರೆ. ಮಾರುವವನು ರೋಗ ವಾಸಿಯಾಗುವುದೆಂಬ ಆಶ್ವಾಸನೆಯನ್ನು ಹೂವಿನೊಡನೆ ಮಾರಕೂಡದು.

ಹೋಲುವ ಗಿಡಗಳು.— ತಗಚೆಯ ಕುಟುಂಬದಲ್ಲಿ ಹಳದಿ ಹೂವಿನವು ಅನೇಕ. ಮಳೆಗಾಲದಲ್ಲಿ ತಿಪ್ಪೆ ಬೀದಿಗಳಲ್ಲಿ ಮೊಳಕಾಲೆತ್ತರ ಬರುವ ತಗಚೆಯೂ, ಅದಕ್ಕಿಂತ ಎತ್ತರವಾಗಿ ಮೊನಚಾದ ಅಗಲ ಎಲೆಗಳನ್ನು ಬಿಡುವ ದೊಡ್ಡ ತಗಚೆಯೂ ತಂಗಡಿಯಲ್ಲ. ದೊಡ್ಡ ತಗಚೆಯ ಬೀಜವು ವಿಷಕರವಾದದ್ದು. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಅದನ್ನು ತಿಂದ ಸಣ್ಣ ಮಕ್ಕಳು ಯಕೃತ್ತು ಮತ್ತು ಮಿದುಳು ಕೆಟ್ಟು ಮೃತಪಟ್ಟದ್ದು ವೈದ್ಯರ ಶೋಧನೆಯಿಂದ ಸ್ಥಿರಪಟ್ಟಿದೆ. ಶಾಲೆಯ ಆವರಣದಲ್ಲಿ ಅದು ಹುಟ್ಟಿದರೆ ಕಾಯಿ ಕಟ್ಟುವ ಮುಂಚೆಯೇ ಕೀಳಿಸಬೇಕು. ರಸ್ತೆಯ ಬದಿಗೆ ನೆಡುವ ಸೀಮೆ ತಂಗಡಿಯು ದೊಡ್ಡ ಮರವಾಗತಕ್ಕದ್ದು. ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರವಂತೂ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಹಬ್ಬಿ ಹಾವಳಿ ಮಾಡುತ್ತಿದೆ. ಸಸಿಯನ್ನಾಗಲಿ ಬೀಜವನ್ನಾಗಲಿ ಹೊರಗಿನಿಂದ ತರುವವರು ಎಲೆಯ ಬುಡದ ಕಿವಿಗಳನ್ನು ನೋಡದೆ ತರಬಾರದು.

ಬೆಳೆಸುವ ಕ್ರಮ.— ಮರಳು, ಕಲ್ಲು ಕೆಮ್ಮಣ್ಣು, ತೆಳುವಾದ ಎರೆ ಇವೆಲ್ಲವೂ ಇದಕ್ಕೆ ಆಗುತ್ತವೆ. ನೀರು ನಿಲ್ಲುವ ತಗ್ಗು ಮಾತ್ರ ಆಗದು. ಪೊದೆಯ ಮೇಲೆಯೇ ಒಣಗಿ ಕಂದುಬಣ್ಣಕ್ಕೆ ತಿರುಗಿದ ಕಾಯಿಗಳನ್ನು ಬಿಡಿಸಿ ಬಡಿದು ಬೀಜ ತೆಗೆಯಬೇಕು. ದುಂಡನೆಯ ಸಣ್ಣ ತೂತುಗಳಿರುವ ಬೀಜಗಳನ್ನು ಹುಳು ತಿಂದಿರುವುದರಿಂದ ನೀರಿಗೆ ಹಾಕಿ ತೇಲಿದವನ್ನೆಲ್ಲ ತೆಗೆದುಬಿಡತಕ್ಕದ್ದು.

ಬೀಜದ ಹೊರಸಿಪ್ಪೆಯು ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ಕೆಲವು ಈ ವರುಷ, ಕೆಲವು ಬರುವ ವರುಷ, ಕೆಲವು ಎಂದಾದರೂ ಎಂಬಂತೆ ಹುಟ್ಟುತ್ತವೆ. ಬಿತ್ತಿದ್ದು ಹುಟ್ಟಲಿಲ್ಲವೆಂದು ಕೈಬಿಟ್ಟವರಲ್ಲಿ ಹೆಚ್ಚಿನವರು ಈ ಸಿಪ್ಪೆಯ ವಿಚಾರವನ್ನು ಅರಿಯದವರೇ. ಕುದಿದ ನೀರನ್ನು ಒಲೆಯಿಂದ ಇಳಿಸಿ, ಬೀಜಕ್ಕೆ ನಾಲ್ಕೈದು ಪಾಲು ನೀರಿನಂತೆ ಬೀಜದ ಮೇಲೆ ಹೊಯ್ದು, ತಾನಾಗಿ ಆರಲು ಬಿಟ್ಟು ರಾತ್ರಿಯೆಲ್ಲ ನೆನೆಯಿಸಬೇಕು. ಒಲೆಯ ಮೇಲಿಟ್ಟು ಕುದಿಸಿದರೆ ಬೀಜವು ಸಾಯುವುದು. ಬೆಳಗ್ಗೆ ಉಬ್ಬಿದ ಬೀಜಗಳನ್ನು ಆರಿಸಿಕೊಂಡು ಉಬ್ಬದವುಗಳಿಗೆ ಮತ್ತೊಮ್ಮೆ ಹಾಗೆಯೇ ಮಾಡಬಹುದು. ಬಿಸಿನೀರಿನ ಅಳತೆ ಸಿಕ್ಕದವರು ಬೀಜವನ್ನು ಒರಟು ಮರಳಿನೊಡನೆ ಕಲ್ಲಿನ ಮೇಲೆ ಹದವಾಗಿ ಉಜ್ಜಿ ಸಿಪ್ಪೆಯ ಹೊಳಪು ಹೋಗುವಂತೆ ಮಾಡಿದರೂ ಸಾಕು.

ಕೃತ್ತಿಕೆಯ ಮಳೆಗೆ ನೆಲವನ್ನು ಕೆದಕಿ ಸಿದ್ಧಮಾಡಿಕೊಂಡು ರೋಹಿಣಿ, ಮೃಗಶಿರಾ ಮಳೆಗಳಲ್ಲಿ ಬಿತ್ತುವುದು ಶ್ರೇಷ್ಠ. ಬೀಜವನ್ನು ಅರ್ಧ ಅಂಗುಲಕ್ಕಿಂತ ಆಳಕ್ಕೆ ಹಾಕಬಾರದು. ಬದುವಿಗಾದರೆ ಎರಡು ಸಾಲು. ಸಾಲಿನಲ್ಲಿ ಅಡಿಗೊಂದು ಗುಣಿ, ಗುಣಿಗೆ ಮೂರು ಬೀಜ, ಒಂದು ಸಾಲಿನ ಗುಣಿಯು ಇನ್ನೊಂದು ಸಾಲಿನ ಎರಡು ಗುಣಿಗಳ ನಡುವೆ ಬರುವಂತೆ. ನೂರು ಅಡಿ ಬದುವಿಗೆ ಹೀಗೆ ಸುಮಾರು 200 ಗುಣಿಗಳಾಗುತ್ತವೆ. ಸಾಲುಗಳು ಇಳಿಜಾರಿಗೆ ಅಡ್ಡವಾಗಿಯೇ ಇರಬೇಕು. ಇಳಿಜಾರಿನ ಉದ್ದಕ್ಕೆ ಹಾಕಿದ ಸಾಲಿನಿಂದ ಪ್ರಯೋಜನವಿಲ್ಲದಿರುವುದಷ್ಟೇ ಅಲ್ಲ, ಅದರ ಮಗ್ಗುಲಲ್ಲಿ ನೀರು ಕೂಡಿಕೊಂಡು ಹೊಸ ಕೊರಕಲೇ ಬೀಳಬಹುದು. ಬೇರೊಂದು ಬೆಳೆಯೂ ಬಾರದ ಕಲ್ಲುನೆಲದಲ್ಲಿ ತುಂಬ ಬೆಳೆಸಬೇಕೆನ್ನುವವರು ಮೂರಡಿಗೆ ಮೂರಡಿಯಂತೆ ಎಕರೆಗೆ 4,840 ಗಿಡಗಳನ್ನು ನಿಲ್ಲಿಸಬಹುದು. ಆದರೆ ರಾಗಿ, ಜೋಳ, ನೆಲಗಡಲೆ ಬರುವ ಹೊಲದ ಒಳಕ್ಕೆ ಇದನ್ನು ತರಬಾರದು. ಅದರ ಸ್ಥಾನವು ಅಂಚಿನಲ್ಲಿ.

ಮೊದಲನೆಯ ವರುಷ ಗಿಡದ ಬೆಳವಣಿಗೆಯು ನಿಧಾನ. ಮೇಲಕ್ಕೆ ಏಳುವ ಮುಂಚೆ ಕೆಳಕ್ಕೆ ಇಳಿಯುವುದು ಅದರ ಕ್ರಮ. ಈ ಕಾಲದಲ್ಲಿ ಎರಡು ಸಲ ಕಳೆ ತೆಗೆಯಿಸಿ ದನದ ತುಳಿತದಿಂದ ಕಾಪಾಡಿದರೆ ಸಾಕು, ಮೇಯುವ ಭಯವು ಕಡಮೆ. ಗೊಬ್ಬರವಾಗಲಿ ನೀರಾಗಲಿ ಬೇಕಾಗುವುದಿಲ್ಲ. ಹುಟ್ಟದೆ ಖಾಲಿ ಬಿದ್ದ ಗುಣಿಗಳಿಗೆ ಆರಿದ್ರೆಯ ಮಳೆಯಲ್ಲಿಯೇ ಮತ್ತೆ ಬೀಜ ಹಾಕಬೇಕು. ಸಾಲಿನಲ್ಲಿ ಬಿಟ್ಟ ಒಂದು ಕಂಡಿಯಿಂದಲೇ ನೀರೆಲ್ಲ ನುಗ್ಗುವುದು. ಕೆಲವೊಮ್ಮೆ ಹಸಿರು ಕಂಬಳಿಹುಳುಗಳು ಎಲೆಗಳನ್ನು ತಿಂದು ಬೋಳಿಸುವುದುಂಟು. ಅವು ಹಳದಿ ಬಿಳಿ ಚಿಟ್ಟೆಗಳ ಮರಿಗಳು; ಗಿಡವು ಮುಂದಿನ ಮಳೆಗೆ ತಾನೇ ಚಿಗುರುವುದರಿಂದ ಔಷಧ ಹೊಡೆಯುವುದು ಹಣವನ್ನು ಚೆಲ್ಲಿದಂತೆ.

ಕೊಯ್ಲು.— ಮೂರನೆಯ ವರುಷದಿಂದ ಕಡ್ಡಿಯನ್ನು ಕೊಯ್ಯಬಹುದು. ಹರಿತವಾದ ಮಚ್ಚಿನಿಂದ ನೆಲಕ್ಕೆ ಒಂದು ಗೇಣು ಮೇಲೆ ಓರೆಯಾಗಿ ಒಂದೇ ಏಟಿಗೆ ಕಡಿಯಬೇಕು. ಮೊಂಡು ಕತ್ತಿಯಿಂದ ಜಜ್ಜಿದರೆ ಬುಡವು ಸೀಳಿ ನೀರಿಳಿದು ಕೊಳೆಯುತ್ತದೆ. ಒಂದು ಬದುವಿನ ಎರಡು ಸಾಲುಗಳನ್ನೂ ಒಂದೇ ವರುಷ ಕೊಯ್ಯಕೂಡದು. ಈ ವರುಷ ಮೇಲುಸಾಲು, ಬರುವ ವರುಷ ಕೆಳಸಾಲು. ಹೀಗೆ ಮಾಡಿದರೆ ಮುಂಗಾರಿನ ಮೊದಲ ಬಿರುಮಳೆಗೆ ಬದುವು ಎಂದೂ ಬರಿದಾಗಿರುವುದಿಲ್ಲ. ತುಂಬು ನೆಲದಲ್ಲಿ ಬೆಳೆಸಿದವರು ಮೂರು ಪಾಲು ಮಾಡಿಕೊಂಡು ವರುಷಕ್ಕೆ ಒಂದು ಪಾಲನ್ನು ಕೊಯ್ಯುವುದು ಲೇಸು.

ತೊಗಟೆ ಬೇಕಾದವರು ಗಿಡದಲ್ಲಿ ರಸವಾಡುವ ಮಳೆಗಾಲದಲ್ಲಿ ಕೊಯ್ದು, ಅಂದೇ ಕಡ್ಡಿಯನ್ನು ಕಟ್ಟಿಗೆಯಿಂದ ಮೆಲ್ಲಗೆ ತಟ್ಟಿ ಸುಲಿಯಬೇಕು. ಒಂದು ದಿವಸ ಬಿಟ್ಟರೆ ತೊಗಟೆಯು ಕಡ್ಡಿಗೆ ಕಚ್ಚಿಕೊಂಡು ಕೆಲಸವು ಇಮ್ಮಡಿಯಾಗುತ್ತದೆ. ಸುಲಿದದ್ದನ್ನು ಮಳೆಗೆ ನೆನೆಯಗೊಡದೆ ಒಣಗಿಸತಕ್ಕದ್ದು, ಏಕೆಂದರೆ ಒಗರು ಪದಾರ್ಥವು ನೀರಿನಲ್ಲಿ ಕರಗಿಹೋಗತಕ್ಕದ್ದು. ಇಷ್ಟೆಲ್ಲ ಮಾಡಿ ಎಷ್ಟು ದಕ್ಕುವುದೆಂಬುದು ನೆಲದಿಂದ ನೆಲಕ್ಕೆ ವ್ಯತ್ಯಾಸವಾಗುವುದರಿಂದ, ದೊಡ್ಡದಾಗಿ ಕೈಹಾಕುವ ಮುನ್ನ ಒಂದು ಗುಂಟೆಯನ್ನು ಕೊಯ್ದು, ಒಣಗಿಸಿ, ತೂಗಿ, ಕೂಲಿಯನ್ನು ಕಳೆದು ಲೆಕ್ಕ ಹಾಕಿಕೊಳ್ಳತಕ್ಕದ್ದು. ಗಿರಾಕಿಯನ್ನು ಮೊದಲು ಗೊತ್ತುಮಾಡಿಕೊಳ್ಳದೆ ತೊಗಟೆಯನ್ನು ಸುಲಿಯಿಸುವುದು ಅವಿವೇಕ. ಸೊಪ್ಪಿಗೂ ಬದುವಿಗೂ ಬೆಳೆಸುವವರಿಗೆ ಈ ಚಿಂತೆಯೇ ಇಲ್ಲ.

ಗ್ರಾಮದ ಜವಾಬ್ದಾರಿ.— ತಂಗಡಿಯು ಗೋಮಾಳವನ್ನು ತಿಂದುಹಾಕುತ್ತದೆ, ದನಕ್ಕೆ ಹುಲ್ಲಿಲ್ಲದಂತೆ ಮಾಡುತ್ತದೆ ಎಂಬ ಆಕ್ಷೇಪಣೆಯು ಅನೇಕ ಗ್ರಾಮಗಳಲ್ಲಿ ಕೇಳಿಬರುತ್ತದೆ. ಇದರಲ್ಲಿ ಕಾರ್ಯವನ್ನು ಕಾರಣವೆಂದು ತಿಳಿದಿರುವ ದೋಷವುಂಟು. ಹುಲ್ಲನ್ನು ಬೇರಿನವರೆಗೆ ಮೇಯಿಸಿದ ನೆಲದಲ್ಲಿ ದನವು ಮುಟ್ಟದ ಗಿಡವು ಮಾತ್ರ ಉಳಿಯುವುದು ಸಹಜ. ಅದನ್ನೂ ಕಿತ್ತುಹಾಕಿದ ಮಾತ್ರಕ್ಕೆ ಹುಲ್ಲು ಬರುವುದಿಲ್ಲ. ಬಳ್ಳಾರಿ ಜಾಲಿ, ಲಾಂಟಾನ, ಪಾರ್ಥೇನಿಯಂ ಎಂಬ ಕಾಂಗ್ರೆಸ್ ಗಿಡ ಇವು ಬರುತ್ತವೆ. ಅವುಗಳಿಗೆ ಹೋಲಿಸಿದರೆ ತಂಗಡಿಯು ಸಾಧುಪ್ರಾಣಿ. ತಗಚೆ, ತಂಗಡಿ ಮೊದಲಾದ ಈ ಕುಟುಂಬದ ಗಿಡಗಳು ಪಾರ್ಥೇನಿಯಂ ಅನ್ನು ಅದುಮಿ ಹಿಂದಕ್ಕೆ ಸರಿಸಬಲ್ಲವೆಂದು ಕಂಡುಬಂದು, ಅವುಗಳ ಬೀಜವನ್ನು ಎರಚಲು ಕೃಷಿ ತಜ್ಞರು ಶಿಫಾರಸು ಮಾಡಿರುವುದೂ ಉಂಟು. ಗೋಮಾಳದ ಒಂದು ಭಾಗಕ್ಕೆ ಎರಡು ಮಳೆಗಾಲ ದನ ಬಿಡದೆ ಕಾಪಾಡಿದರೆ ಪೊದೆಗಳ ಮರೆಯಲ್ಲಿ ಉಳಿದ ಹುಲ್ಲಿನ ಗೆಡ್ಡೆಗಳು ಮೊದಲು ಚೇತರಿಸಿಕೊಳ್ಳುವುದನ್ನು ನೋಡಬಹುದು.

ಹಾಗೆಂದು ಎಲ್ಲೆಲ್ಲಿಯೂ ಇದನ್ನೇ ತುಂಬಬೇಕೆಂದು ಅರ್ಥವಲ್ಲ. ಅಜ್ಜಂಪುರದ ಸುತ್ತಣ ಅಮೃತಮಹಲ್ ಕಾವಲುಗಳು ಹುಲ್ಲಿಗಾಗಿಯೇ ಹೆಸರಾದ ನೆಲ. ಹುಲ್ಲು ಚೆನ್ನಾಗಿರುವ ಅಂಥ ಕಡೆಯಲ್ಲಿ ತಂಗಡಿಯನ್ನಾಗಲಿ ಇನ್ನಾವ ಗಿಡಮರವನ್ನಾಗಲಿ ನೆಡುವುದು ಉಪಕಾರವಲ್ಲ.

ಔಷಧದ ಅಂಗಡಿಗಳಿಗಾಗಿ ಹೂವು, ತೊಗಟೆ, ಬೇರುಗಳನ್ನು ಕೊಂಡೊಯ್ಯುವ ಗುತ್ತಿಗೆಯವರು ಬಂದಾಗ ಗ್ರಾಮದ ಮುಖ್ಯಸ್ಥರು ವಿಶೇಷವಾಗಿ ಗಮನವಿಡಬೇಕು. ಹೂವನ್ನು ಬಿಡಿಸಿಕೊಂಡರೆ ಪೊದೆಗೆ ಹಾನಿಯಿಲ್ಲ, ಮೂರರಲ್ಲೊಂದು ಪಾಲು ಹೂವನ್ನು ಬೀಜಕ್ಕೆ ಬಿಡಿಸಿದರಾಯಿತು. ನಿಂತ ಪೊದೆಯ ಕಾಂಡವನ್ನು ಸುತ್ತಲೂ ಸುಲಿಯುವುದಕ್ಕೂ, ಹಾರೆ ಹಾಕಿ ಬೇರು ಮೀಟುವುದಕ್ಕೂ ಒಪ್ಪಿಗೆಯನ್ನು ಕೊಡತಕ್ಕದ್ದಲ್ಲ. ಈ ವಿಚಾರದಲ್ಲಿ ಗ್ರಾಮಕ್ಕೆ ಕಾನೂನಿನ ಬಲವೂ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಏರ್ಪಡಿಸಬೇಕಾಗಿದ್ದು, ವ್ಯಾಪಾರಕ್ಕಾಗಿ ತಮ್ಮ ಎಲ್ಲೆಯಲ್ಲಿ ಗಿಡಮೂಲಿಕೆಗಳನ್ನು ಸಂಗ್ರಹಿಸುವವರಿಂದ ಶುಲ್ಕವನ್ನು ಪಡೆಯಲು ಆ ಸಮಿತಿಗೆ ಅಧಿಕಾರವುಂಟು. ಗುತ್ತಿಗೆಯವನ ಹೆಸರು, ಒಯ್ಯುವ ಪದಾರ್ಥ, ತೂಕ, ತಿಂಗಳು ಇವನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆಯಿಸಿ, ಕಡಿಯುವ ಎತ್ತರವನ್ನೂ ಬಿಡಬೇಕಾದ ಪಾಲನ್ನೂ ಒಪ್ಪಂದದಲ್ಲಿಯೇ ಸೇರಿಸಬೇಕು. ಅರಣ್ಯ ಇಲಾಖೆಯ ವಶದಲ್ಲಿರುವ ನೆಲವಾದರೆ ಪಂಚಾಯಿತಿಯ ಒಪ್ಪಿಗೆಯೊಂದರಿಂದಲೇ ಸಾಲದು. ಆ ಇಲಾಖೆಯ ಅನುಮತಿಯೂ ಬೇಕಾಗುವುದು.

ಈ ವರುಷ ಬದು ಹಾಕಿಸುವ ಭೂಮಾಲೀಕರು ಬೀಜಕ್ಕಾಗಿ ಎಲ್ಲಿಗೂ ಬರೆಯಬೇಕಾದದ್ದಿಲ್ಲ. ತಮ್ಮ ಊರಿನ ದಿಣ್ಣೆಯಲ್ಲಿಯೇ ಹುಳುಕಿಲ್ಲದ, ಎಲೆಯಡರಿದ ಹತ್ತಿಪ್ಪತ್ತು ಪೊದೆಗಳನ್ನು ಗುರುತಿಟ್ಟುಕೊಂಡು, ಅವುಗಳ ಕಾಯಿ ಒಣಗಿದಾಗ ಆಳನ್ನು ಕಳುಹಿಸಿ ಬಿಡಿಸಿಕೊಂಡು, ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದರೆ ಕೃತ್ತಿಕೆಯ ಮಳೆಯವರೆಗೆ ಕೆಡದೆ ಉಳಿಯುವುದು.